ಮೂರು ಮಿಲಿಮೀಟರಿನ ಕಸುಬು

ಬಿಡಿಭಾಗ ಕೊಂಡು ಕಂಪ್ಯೂಟರ್ ಜೋಡಿಸಿಕೊಳ್ಳುವುದು ಬೆಂಗಳೂರಿನ ಎಸ್‌.ಪಿ. ರಸ್ತೆ ಬಲ್ಲವರಿಗೆ ಹಳೆಯ ರೂಢಿ. ಎಲ್ಲವೂ ಹೊಸದಾದರೆ ಅದು ಕಷ್ಟವೇನಲ್ಲ. 1995ರಲ್ಲಿ ಇಂಟೆಲ್ ರೂಪಿಸಿದ ಎಟಿಎಕ್ಸ್ ಮಾನದಂಡ ಬೋರ್ಡಿನ ಅಳತೆಯನ್ನೂ ತಿರುಪಿನ ತೂತುಗಳ ಜಾಗವನ್ನೂ ಮೊದಲೇ ಗೊತ್ತುಮಾಡಿಟ್ಟಿದೆ. ಕೈಚಳಕ ಬೇಕಾಗುವುದು ಯಾವುದೋ ಕಚೇರಿ ವಿಲೇವಾರಿ ಮಾಡಿದ ಬೋರ್ಡು, ಇನ್ನೆಲ್ಲಿಯದೋ ಕ್ಯಾಬಿನೆಟ್, ಮತ್ತೊಂದು ಕಾಲದ ಕೂಲರ್ ಒಟ್ಟಿಗೆ ಸೇರಿದಾಗ. ಹೇಗೋ ಅಡ್ಜಸ್ಟ್ ಮಾಡುವ ಕೆಲಸವೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ಆದರೆ ಎಲ್ಲಿ ಅಡ್ಜಸ್ಟ್ ಮಾಡಬಹುದು, ಎಲ್ಲಿ ಸುತರಾಂ ಕೂಡದು ಎಂಬ ವಿವೇಚನೆಯೇ ಇಲ್ಲಿನ ನಿಜವಾದ ಕಸುಬು.

ಪ್ರೊಸೆಸರ್ ಮೇಲಿನ ಹೀಟ್‌ಸಿಂಕನ್ನೇ ನೋಡಿ. ಅದನ್ನು ಹಿಡಿಯುವ ತೂತುಗಳ ನಡುವಿನ ಅಂತರ ಇಂಟೆಲ್‌ನ 775 ಸಾಕೆಟ್‌ನಲ್ಲಿ 72 ಮಿ.ಮೀ., 1155 ಮತ್ತು 1151ರಲ್ಲಿ 75, 2021ರಲ್ಲಿ ಬಂದ 1700ರಲ್ಲಿ 78. ಬರಿಗಣ್ಣಿಗೆ ಒಂದೇ ಎನಿಸಿದರೂ ಹಳೆಯ ಕೂಲರ್ ಹೊಸ ಬೋರ್ಡಿನ ಮೇಲೆ ಕೂರುವುದಿಲ್ಲ. ಒತ್ತಿ ಕೂರಿಸಿದರೆ ಬೋರ್ಡೇ ಬಾಗುತ್ತದೆ. ಬಲ್ಲವರು ಬೋರ್ಡಿನ ತಂಟೆಗೆ ಹೋಗದೆ, ಕೂಲರ್‌ನ ಲೋಹದ ಕಾಲಿನ ತೂತನ್ನು ದುಂಡು ಅರದಿಂದ ಉಜ್ಜಿ ಉದ್ದ ಮಾಡಿ, ಪುಡಿಯನ್ನೆಲ್ಲ ಒರೆಸಿ, ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಆಮೇಲೆ ಒಮ್ಮೆ ಬಿಚ್ಚಿ ನೋಡುತ್ತಾರೆ. ಥರ್ಮಲ್ ಪೇಸ್ಟ್ ಒಂದೇ ಸಮನೆ ಹರಡಿದ್ದರೆ ಸರಿ, ಒಂದು ಬದಿ ದಪ್ಪಗಿದ್ದರೆ ಕೂಲರ್ ವಾಲಿದೆ ಎಂದೇ ಲೆಕ್ಕ. 2.5 ಇಂಚಿನ ಎಸ್‌ಎಸ್‌ಡಿಗೆ 3.5 ಇಂಚಿನ ಜಾಗವಷ್ಟೇ ಸಿಕ್ಕರೆ ಚಿಂತೆಯಿಲ್ಲ. ಒಳಗೆ ತಿರುಗುವ ಭಾಗವೇ ಇಲ್ಲದ್ದರಿಂದ ಅದು ಎರಡು ಬದಿ ಅಂಟುವ ಟೇಪಿನಲ್ಲೂ ನಿಲ್ಲುತ್ತದೆ. ಹಾರ್ಡ್ ಡಿಸ್ಕ್‌ಗೆ ಆ ಸಲಿಗೆ ಸಲ್ಲದು.

ಇದೆಲ್ಲ ಅಪಾಯವಲ್ಲವೇ ಎಂಬ ಆಕ್ಷೇಪಣೆ, ಯಂತ್ರಕ್ಕೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಮಟ್ಟಿಗೆ ಪೂರ್ತಿ ಸರಿ. ಕೆಲವು ಬ್ರ್ಯಾಂಡೆಡ್ ಯಂತ್ರಗಳ ಪವರ್ ಪ್ಲಗ್ ನೋಡಲು ಎಟಿಎಕ್ಸ್‌ನಂತೆಯೇ ಇದ್ದು, ಒಳಗಿನ ತಂತಿಗಳ ಕ್ರಮ ಮಾತ್ರ ಬೇರೆಯಿತ್ತು. ಪ್ಲಗ್ ಸೇರಿತೆಂದು ಸ್ವಿಚ್ ಹಾಕಿದರೆ ಬೋರ್ಡು ಸುಟ್ಟೀತು. ಇಲ್ಲಿ ಮಲ್ಟಿಮೀಟರ್ ಹೇಳಿದ್ದನ್ನಷ್ಟೇ ನಂಬಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ತೆರೆಯಲೇಬಾರದು, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವಕ್ಕೆ ಎರವಾಗುವಷ್ಟು ವಿದ್ಯುತ್ ಉಳಿದಿರಬಹುದು. ಇಷ್ಟು ಒದ್ದಾಡುವ ಬದಲು ಹೊಸದನ್ನೇ ಕೊಳ್ಳಬಾರದೇ ಎಂಬುದು ಇನ್ನೊಂದು ಮಾತು. ಗಂಟೆಗೆ ಬೆಲೆ ಕಟ್ಟಿದರೆ ಕೆಲವೊಮ್ಮೆ ಅದೇ ಲಾಭ. ಆದರೆ 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು, ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿ ಯಂತ್ರಗಳು ಮೂಲೆ ಸೇರುತ್ತಿವೆ. ಲಿನಕ್ಸ್ ಹಾಕಿದರೆ ಶಾಲೆಯ ಪಾಠಕ್ಕೂ ಅಂಗಡಿಯ ಲೆಕ್ಕಕ್ಕೂ ಅವು ಧಾರಾಳ ಸಾಕು. ಅಂಥ ಬೋರ್ಡಿಗೆ ಹೊಸ ಕ್ಯಾಬಿನೆಟ್‌ನ ಪವರ್ ಬಟನ್ ಹೊಂದದಿದ್ದರೂ ಪರವಾಗಿಲ್ಲ: ಎರಡು ಪಿನ್‌ಗಳನ್ನು ಕ್ಷಣಕಾಲ ಕೂಡಿಸುವ ಯಾವ ಒತ್ತುಗುಂಡಿಯಾದರೂ, ಕೊನೆಗೆ ಹೊಸದೊಂದು ಕಾಲಿಂಗ್ ಬೆಲ್ ಸ್ವಿಚ್ಚಾದರೂ ನಡೆಯುತ್ತದೆ.