ಬಾಳಿಕೆಯೂ ಬಾಳೂ

ಸಾಯದೆ ಉಳಿಯಬೇಕೆಂಬ ಆಸೆ ಮನುಷ್ಯನಷ್ಟೇ ಹಳೆಯದು. ಹಿಂದೆ ಅದನ್ನು ಪುರಾಣಗಳು ಹೇಳಿದವು. ಇಂದು ಚಲನಚಿತ್ರಗಳು ಹೇಳುತ್ತಿವೆ. 2024ರ ಜೂನ್ 27ರಂದು ತೆರೆಕಂಡ ‘ಕಲ್ಕಿ 2898 ಎ.ಡಿ.’ ಎಂಬ ತೆಲುಗು ಚಿತ್ರವು ಕನ್ನಡಕ್ಕೂ ಡಬ್ ಆಗಿ ನಮ್ಮ ನಾಡಿನ ಪ್ರೇಕ್ಷಕರನ್ನು ತಲುಪಿತು. ನಾಗ್ ಅಶ್ವಿನ್ ನಿರ್ದೇಶಿಸಿದ ಈ ಚಿತ್ರದಲ್ಲಿ, ಕುರುಕ್ಷೇತ್ರದ ಕಾಲದಿಂದ ಸಾಯದೆ ಉಳಿದಿರುವ ಅಶ್ವತ್ಥಾಮನೇ ಒಬ್ಬ ಪ್ರಮುಖ ಪಾತ್ರಧಾರಿ.

ಚಿತ್ರದ ಬಗ್ಗೆ ಪ್ರೇಕ್ಷಕರು ಒಂದೇ ಮಾತು ಆಡಲಿಲ್ಲ. ಮೊದಲ ಭಾಗ ನಿಧಾನವಾಯಿತೆಂದು ಹಲವರು ಬೇಸರಪಟ್ಟರು. ಪ್ರಭಾಸ್ ನಟಿಸಿದ ಭೈರವನ ಹಾಸ್ಯ ಕೆಲವರಿಗೆ ಹಿಡಿಸಿತು, ಕೆಲವರಿಗೆ ರುಚಿಸಲಿಲ್ಲ. ಆದರೆ 81ರ ವಯಸ್ಸಿನಲ್ಲಿ ಅಶ್ವತ್ಥಾಮನ ಪಾತ್ರವನ್ನು ನಿರ್ವಹಿಸಿದ ಅಮಿತಾಭ್ ಬಚ್ಚನ್ ಅವರನ್ನು ಮೆಚ್ಚದವರು ವಿರಳ. ಈ ಮೆಚ್ಚುಗೆಗೆ ಕಾದಾಟದ ದೃಶ್ಯಗಳಷ್ಟೇ ಕಾರಣವೇ? ನನಗೆ ಹಾಗೆನಿಸುವುದಿಲ್ಲ. ಆ ಮುಖದಲ್ಲಿ ಕಾಣುವುದು ಬದುಕಿ ಬದುಕಿ ದಣಿದವನ ಆಯಾಸ.

ಮಹಾಭಾರತದಲ್ಲಿ ಅಶ್ವತ್ಥಾಮನ ದೀರ್ಘಾಯುಸ್ಸು ವರವಲ್ಲ, ಶಾಪ. ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ ಅಸ್ತ್ರವನ್ನು ತಿರುಗಿಸಿದ ಪಾಪಕ್ಕಾಗಿ ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯಬೇಕೆಂದು ಕೃಷ್ಣನು ಅವನನ್ನು ಶಪಿಸುತ್ತಾನೆ. ಚಿತ್ರದಲ್ಲಿ ಅದೇ ಅಶ್ವತ್ಥಾಮ ಸುಮತಿ ಎಂಬ ಗರ್ಭಿಣಿಯ ಕಾವಲಿಗೆ ನಿಲ್ಲುತ್ತಾನೆ. ಒಂದು ಗರ್ಭವನ್ನು ನಾಶಮಾಡಲು ಹೊರಟಿದ್ದವನಿಗೆ ಇನ್ನೊಂದು ಗರ್ಭವನ್ನು ಕಾಯುವುದೇ ಬಿಡುಗಡೆಯ ದಾರಿ. ಹುಟ್ಟದ ಶಿಶುವಿನ ಜೀವವೂ ಪವಿತ್ರವೆಂದು ನಂಬುವ ಕುಟುಂಬಗಳು ಈ ಅಂಶವನ್ನು ಗಮನಿಸದಿರಲಾರವು.

ಇದನ್ನು ನೋಡಿದಾಗ ನನಗೆ ನೆನಪಾದದ್ದು 1986ರಲ್ಲಿ ಬಂದ ‘ಹೈಲ್ಯಾಂಡರ್’ ಎಂಬ ಇಂಗ್ಲಿಷ್ ಚಿತ್ರ. ರಸೆಲ್ ಮಲ್ಕಾಹಿ ಅದರ ನಿರ್ದೇಶಕರು. ಸ್ಕಾಟ್ಲೆಂಡಿನ ಬೆಟ್ಟನಾಡಿನ ಕಾನರ್ ಮೆಕ್ಲೌಡ್ 1536ರ ಕಾಳಗದಲ್ಲಿ ಮಾರಣಾಂತಿಕ ಗಾಯಗೊಂಡರೂ ಸಾಯುವುದಿಲ್ಲ. ಇದು ಸೈತಾನನ ಕೆಲಸವೆಂದು ಬಗೆದ ಸ್ವಂತ ಕುಲದವರೇ ಅವನನ್ನು ಹೊರಹಾಕುತ್ತಾರೆ. ಅವನಂಥ ಅಮರ ಯೋಧರು ಇನ್ನೂ ಹಲವರಿದ್ದಾರೆ. ತಲೆ ಕಡಿದರೆ ಮಾತ್ರ ಅವರಿಗೆ ಸಾವು. ಕೊನೆಗೆ ಒಬ್ಬನೇ ಉಳಿಯಬೇಕೆಂಬುದು ಅವರ ನಿಯಮ. ಪವಿತ್ರ ಸ್ಥಳದಲ್ಲಿ ಕತ್ತಿ ಹಿರಿಯಬಾರದೆಂಬುದು ಇನ್ನೊಂದು.

ಅಮೆರಿಕದ ಚಿತ್ರಮಂದಿರಗಳಲ್ಲಿ ಈ ಚಿತ್ರ ಸೋತಿತು. ತಯಾರಿಕೆಗೆ ತಗುಲಿದ ಹಣದ ಅರ್ಧದಷ್ಟೂ ಅಲ್ಲಿ ಹಿಂದಿರುಗಲಿಲ್ಲ. ಫ್ರೆಂಚ್ ಮಾತನಾಡುವ ಕ್ರಿಸ್ಟೋಫರ್ ಲ್ಯಾಂಬರ್ಟ್ ಸ್ಕಾಟ್ಲೆಂಡಿನವನಾಗಿಯೂ, ಸ್ಕಾಟ್ಲೆಂಡಿನವರೇ ಆದ ಶಾನ್ ಕಾನರಿ ಸ್ಪೇನಿನಿಂದ ಬಂದವನಾಗಿಯೂ ನಟಿಸಿದ್ದನ್ನು ಕಂಡು ನಕ್ಕವರುಂಟು. ಆದರೆ ಮುಂದೆ ವಿಡಿಯೋ ಕ್ಯಾಸೆಟ್ಟುಗಳ ಮೂಲಕ ಮನೆಮನೆಗೆ ಹೋದ ಚಿತ್ರ ನಿಷ್ಠಾವಂತ ಅಭಿಮಾನಿಗಳನ್ನು ಸಂಪಾದಿಸಿತು. 1991ರ ಎರಡನೆಯ ಭಾಗವು ಈ ಅಮರರೆಲ್ಲ ಬೇರೊಂದು ಗ್ರಹದಿಂದ ಬಂದವರೆಂದು ವಿವರಿಸಲು ಹೊರಟಾಗ ಅದೇ ಅಭಿಮಾನಿಗಳು ಅದನ್ನು ತಿರಸ್ಕರಿಸಿದರು. ಅವರಿಗೆ ಬೇಕಾಗಿದ್ದುದು ಅಮರತ್ವದ ಕಾರಣವಲ್ಲ, ಅಮರತ್ವದ ನೋವು.

ಆ ನೋವು ಮೊದಲ ಚಿತ್ರದಲ್ಲಿ ಸ್ಪಷ್ಟವಾಗಿದೆ. ಕಾನರನ ಮಡದಿ ಹೆದರ್ ವರ್ಷದಿಂದ ವರ್ಷಕ್ಕೆ ಮುದುಕಿಯಾಗುತ್ತಾಳೆ. ಅವನು ಯುವಕನಾಗಿಯೇ ಉಳಿಯುತ್ತಾನೆ. ಅವಳನ್ನು ಬಿಟ್ಟುಹೋಗೆಂದು ಗುರುವಿನಂತಿದ್ದ ಹಿರಿಯ ಯೋಧ ಹೇಳಿದ್ದರೂ ಅವನು ಬಿಡುವುದಿಲ್ಲ. ಕೊನೆಗೆ ಅವಳು ಅವನ ತೋಳಿನಲ್ಲೇ ಪ್ರಾಣ ಬಿಡುತ್ತಾಳೆ. ತನ್ನ ಹುಟ್ಟುಹಬ್ಬದಂದು ಒಂದು ಮೇಣದಬತ್ತಿ ಹಚ್ಚೆಂಬುದು ಅವಳ ಕೊನೆಯ ಕೋರಿಕೆ. ನಾಲ್ಕು ಶತಮಾನಗಳ ನಂತರವೂ ಅವನು ನ್ಯೂಯಾರ್ಕಿನ ಚರ್ಚೊಂದರಲ್ಲಿ ಆ ಬತ್ತಿಯನ್ನು ಹಚ್ಚುತ್ತಾನೆ. ಅಲ್ಲಿಗೆ ಬಂದ ಖಳನಾಯಕ ಪವಿತ್ರ ವಸ್ತುಗಳನ್ನು ಅಣಕಿಸುವ ದೃಶ್ಯ ಭಕ್ತರಿಗೆ ನೋವು ತರುವಂಥದ್ದು. ಆದರೂ ಪ್ರತಿ ನವೆಂಬರ್ 2ರಂದು ಸಮಾಧಿಗಳ ಮೇಲೆ ಬತ್ತಿ ಹಚ್ಚುವ ನಮಗೆ ಕಾನರನ ಆ ನಿಷ್ಠೆ ಅಪರಿಚಿತವಲ್ಲ.

ಎಲ್ಲರನ್ನೂ ಗೆದ್ದು ಉಳಿದ ಆ ಒಬ್ಬನಿಗೆ ದೊರೆಯುವ ಬಹುಮಾನವೇನು? ಇತರರ ಮನಸ್ಸನ್ನು ಅರಿಯುವ ಶಕ್ತಿ ಬರುತ್ತದೆ, ನಿಜ. ಅದರೊಂದಿಗೆ ಅವನು ಮುಪ್ಪಾಗಬಲ್ಲ, ಮಕ್ಕಳನ್ನು ಪಡೆಯಬಲ್ಲ, ಸಾಯಬಲ್ಲ. ಅಂದರೆ ನಮ್ಮ ಬೀದಿಯ ಯಾವನೇ ಬಡ ಕೂಲಿಕಾರನಿಗೆ ಹುಟ್ಟಿನಿಂದಲೇ ದಕ್ಕಿರುವುದನ್ನು ಪಡೆಯಲು ಆ ವೀರ ನಾಲ್ಕೂವರೆ ಶತಮಾನ ಕಾದಾಡಬೇಕಾಯಿತು! ಎರಡು ಚಿತ್ರಗಳಲ್ಲಿಯೂ ಅಮರನ ದಣಿವಿಗೆ ಪರಿಹಾರ ಬರುವುದು ಒಂದು ಮಗುವಿನ ನಿರೀಕ್ಷೆಯಿಂದ ಎಂಬುದು ಚಿಂತಿಸತಕ್ಕ ವಿಷಯ.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವವರಿಗೆ ‘ಬಾಳಿಕೆ’ ಎಂಬ ಶಬ್ದ ಚೆನ್ನಾಗಿ ಗೊತ್ತು. ಯಂತ್ರದ ಬಿಡಿಭಾಗ ಎಷ್ಟು ವರ್ಷ ಬಾಳಿಕೆ ಬರುತ್ತದೆಂದು ಕೇಳುತ್ತೇವೆ. ಆದರೆ ಯಂತ್ರಕ್ಕೆ ‘ಬಾಳು’ ಇದೆಯೆಂದು ಯಾರೂ ಹೇಳುವುದಿಲ್ಲ. ಬಾಳಿಕೆಯನ್ನು ವರ್ಷಗಳಲ್ಲಿ ಅಳೆಯಬಹುದು; ಬಾಳನ್ನು ಪ್ರೀತಿಯಲ್ಲಿ ಮಾತ್ರ ಅಳೆಯಬೇಕು. ಪವಿತ್ರ ಬೈಬಲ್ ಮೆತೂಷೆಲಹನಿಗೆ 969 ವರ್ಷಗಳ ಆಯುಸ್ಸನ್ನು ಕೊಟ್ಟಿದೆ, ಅವನಿಗೆ ಮಕ್ಕಳಾದದ್ದನ್ನೂ ಹೇಳಿದೆ. ಆದರೆ ಅವನ ಸಾಧನೆಯೊಂದನ್ನೂ ವರ್ಣಿಸಿಲ್ಲ. ಪ್ರಭು ಯೇಸುವಿನ ಜೀವಿತ ಮೂವತ್ತಮೂರು ವರ್ಷಗಳದ್ದೆಂದು ನಮ್ಮ ಪರಂಪರೆ ಎಣಿಸುತ್ತದೆ.

ಜಗದ್ಗುರು 16ನೆಯ ಬೆನೆಡಿಕ್ಟರು 2007ರ ನವೆಂಬರಿನಲ್ಲಿ ಪ್ರಕಟಿಸಿದ, ಭರವಸೆಯನ್ನು ಕುರಿತ ವಿಶ್ವಪತ್ರದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದರು. ಕೊನೆಯೇ ಇಲ್ಲದೆ ಹೀಗೆಯೇ ಬದುಕುತ್ತಾ ಹೋಗುವುದು ವರಕ್ಕಿಂತ ಶಾಪದಂತೆ ತೋರುತ್ತದೆ. ನಿತ್ಯಜೀವವೆಂದರೆ ಪಂಚಾಂಗದ ದಿನಗಳು ಮುಗಿಯದೆ ಸಾಗುವುದಲ್ಲ, ದೇವರ ಅನಂತ ಪ್ರೀತಿಯಲ್ಲಿ ಮುಳುಗುವುದು ಎಂಬುದು ಅವರ ಬೋಧನೆಯ ಸಾರ. ಪುನರುತ್ಥಾನದ ಭರವಸೆಯನ್ನು ‘ಸಾಯದಿರುವುದು’ ಎಂದು ತಿಳಿದರೆ ನಾವು ಅಶ್ವತ್ಥಾಮನ ಶಾಪವನ್ನೇ ಸ್ವರ್ಗವೆಂದು ಕರೆದಂತಾಗುತ್ತದೆ.

ತಂದೆತಾಯಂದಿರಿಗೆ ಒಂದು ಮಾತು. ತಲೆ ಕಡಿಯುವ ‘ಹೈಲ್ಯಾಂಡರ್’ ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲ. ಬೆಳೆದ ಮಕ್ಕಳು ಇಂಥ ಚಿತ್ರಗಳನ್ನು ನೋಡಿದರೆ ಗದರಿಸಿ ಸುಮ್ಮನಾಗಿಸಬೇಡಿರಿ. ಜೊತೆಗೆ ಕುಳಿತು ಮಾತನಾಡಿರಿ. ಒಬ್ಬನೇ ಉಳಿಯಬೇಕೆಂಬ ನಿಯಮ ಪರೀಕ್ಷೆಯ ಕೊಠಡಿಯಲ್ಲಿಯೂ ಉದ್ಯೋಗದ ಸಾಲಿನಲ್ಲಿಯೂ ಅವರ ಕಿವಿಗೆ ಬೀಳುತ್ತಲೇ ಇರುತ್ತದೆ. ಎಲ್ಲರೂ ಉಳಿಯಲೆಂದು ಒಬ್ಬನು ಶಿಲುಬೆಯ ಮೇಲೆ ಪ್ರಾಣ ಕೊಟ್ಟನೆಂದು ಅವರಿಗೆ ಹೇಳಬೇಕಾದವರು ನಾವು. ಸಾವಿಲ್ಲದವನು ಏಕೆ ಅಷ್ಟು ದುಃಖಿಯಾಗಿದ್ದಾನೆಂದು ಮಕ್ಕಳನ್ನೇ ಕೇಳಿ ನೋಡಿರಿ. ಮನೆಯಲ್ಲಿ ವಯಸ್ಸಾದ ಅಜ್ಜ ಅಜ್ಜಿ ಇದ್ದರೆ ಅವರನ್ನೂ ಆ ಮಾತಿಗೆ ಕೂಡಿಸಿಕೊಳ್ಳಿರಿ; ಮುಪ್ಪು ಮತ್ತು ಸಾವಿನ ವಿಷಯದಲ್ಲಿ ಅವರಿಗೆ ಗೊತ್ತಿರುವಷ್ಟು ಯಾವ ಚಿತ್ರಕ್ಕೂ ಗೊತ್ತಿರುವುದಿಲ್ಲ.