ಗುಜರಿಗೆ ಹೊರಟಿದ್ದ ಕಾರಿಗೆ ಮನೆಯಂಗಳದಲ್ಲೇ ಬಣ್ಣ

ಸೋದರಿಯರೇ, ಮನೆಯ ಗೇಟಿಗೋ ಹಳೇ ಟ್ರಂಕಿಗೋ ನೀವೇ ಬಣ್ಣ ಹಚ್ಚಿರುತ್ತೀರಿ. ಆದರೆ ಕಾರಿಗೆ? "ಹೆಂಗಸರಿಗೇಕಪ್ಪಾ ಈ ಉಸಾಬರಿ" ಎಂದು ನಮ್ಮ ಮನೆಯಲ್ಲೂ ನಕ್ಕಿದ್ದರು. ನಕ್ಕವರೇ ಆಮೇಲೆ ಬಕೆಟ್ಟಿನಲ್ಲಿ ನೀರು ಹಿಡಿದು ನಿಂತರೆನ್ನಿ!

ನಮ್ಮದು ಸಾಗರದ ಹತ್ತಿರದ ಊರು. ಮಾವನವರು ಕೊಂಡಿದ್ದ ಬಿಳಿ ಅಂಬಾಸಿಡರ್, ಅವರು ತೀರಿಕೊಂಡ ಮೇಲೆ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಏಳು ವರ್ಷ ನಿಂತೇ ಇತ್ತು. ಮಲೆನಾಡಿನ ಮಳೆಗೆ ಬಾಗಿಲಿನ ಬುಡವೆಲ್ಲ ತುಕ್ಕು. ಗುಜರಿಯವನು ಬಂದು ಬೆಲೆಯನ್ನೂ ಕಟ್ಟಿ ಹೋಗಿದ್ದ.

ಅಷ್ಟರಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದಮೇಲೂ ತಿಂಗಳಿಗೆರಡು ಸಲ 70 ಕಿಲೋಮೀಟರು ದೂರದ ಶಿವಮೊಗ್ಗೆಗೆ ಹೋಗಬೇಕಾಯಿತು. ಬಸ್ಸಿನ ಮೆಟ್ಟಿಲು ಹತ್ತಲಾಗದು. ಬಾಡಿಗೆ ಕಾರಿನಲ್ಲಿ ಸೀಟು ತಗ್ಗು. ಬಗ್ಗಿ ಕೂರುವಾಗ ಅವರು ನರಳುವುದನ್ನು ಕೇಳಲಾಗುತ್ತಿರಲಿಲ್ಲ. "ನನ್ನ ಇಲ್ಲೇ ಬಿಟ್ಟುಬಿಡ್ರೇ, ಎಲ್ಲಿಗೂ ಬರೋದಿಲ್ಲ" ಎಂದು ಹಟ ಹಿಡಿದರು. ಆಗ ನನಗೆ ಹೊಳೆದದ್ದು ಅಂಬಾಸಿಡರ್. ಬಾಗಿಲು ಅಗಲ, ಸೀಟು ಕುರ್ಚಿಯಷ್ಟು ಎತ್ತರ. 2014ರಲ್ಲಿ ತಯಾರಿಕೆಯೇ ನಿಂತುಹೋದ ಗಾಡಿ ನಿಜ, ಆದರೆ ಅತ್ತೆಯ ಸೊಂಟಕ್ಕೆ ಹೇಳಿ ಮಾಡಿಸಿದಂತಿತ್ತು.

ಎಂಜಿನ್ನು, ಬ್ರೇಕು, ಟೈರು, ತಳದ ತಗಡಿನ ವೆಲ್ಡಿಂಗು ಎನ್ನುವಷ್ಟರಲ್ಲಿ ನನ್ನ ಚೀಟಿ ಹಣ ಮುಗಿಯಿತು. ಬಣ್ಣಕ್ಕೆ 40,000 ಕೇಳಿದರು. ಹಾಗೇ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹೊಸ ತಗಡೂ ತೂತು ಬೀಳುತ್ತದೆ. ಸರಿ, ನಾವೇ ಹಚ್ಚೋಣವೆಂದು ಸೆರಗು ಕಟ್ಟಿದೆ.

ಮೊದಲ ಮಾತು: ಬಣ್ಣವೆಂದರೆ ಮುಕ್ಕಾಲು ಪಾಲು ಉಜ್ಜುವ ಕೆಲಸ. ಕಾರನ್ನು ಸೋಪಿನ ನೀರಿನಿಂದ ತೊಳೆದು ಜಿಡ್ಡು ತೆಗೆಯಿರಿ. ತುಕ್ಕನ್ನು ತಂತಿ ಬ್ರಷ್ಷು ಮತ್ತು 80ನೇ ನಂಬರಿನ ಪೇಪರಿನಿಂದ ಹೊಳೆಯುವ ಕಬ್ಬಿಣ ಕಾಣುವತನಕ ಕೆರೆಯಬೇಕು. ತುಕ್ಕಿನ ಮೇಲೆ ಬಣ್ಣ ಬಳಿಯುವುದು ಹುಳುಕು ಹಲ್ಲಿನ ಮೇಲೆ ಅರಿಶಿನ ಹಚ್ಚಿದ ಹಾಗೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಆದ್ದರಿಂದ ಅದನ್ನು ಒಣದಾಗಿ ಉಜ್ಜಬೇಡಿ. ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ. ಮೂಗು ಬಾಯಿಗೆ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬಾರದಿರಲಿ. ಬರಿ ಕಬ್ಬಿಣ ಕಾಣುವಲ್ಲಿ ತಕ್ಷಣ ಬಟ್ಟೆಯಿಂದ ಒರಸಿ ಒಣಗಿಸಿ, ಇಲ್ಲವಾದರೆ ರಾತ್ರಿ ಕಳೆಯುವುದರೊಳಗೆ ಮತ್ತೆ ತುಕ್ಕು.

ತಗ್ಗುಗಳಿಗೆ ಪುಟ್ಟಿ. ಇದಕ್ಕೆ ಹಾರ್ಡ್‌ನರ್ ಬೆರೆಸಿದ ಕೆಲವೇ ನಿಮಿಷಗಳಲ್ಲಿ ಕಲ್ಲಾಗುತ್ತದೆ. ಆದ್ದರಿಂದ ಚಪಾತಿ ಹಿಟ್ಟಿನಂತೆ ಒಮ್ಮೆಗೇ ಕಲಸಿಡಬೇಡಿ. ನಿಂಬೆಹಣ್ಣಿನ ಗಾತ್ರದಷ್ಟು ಮಾತ್ರ ಕಲಸಿ, ತೆಳ್ಳಗೆ ಎಳೆಯಿರಿ. ಪುಟ್ಟಿ ನೀರು ಕುಡಿಯುತ್ತದೆ, ಅದನ್ನು ಮಾತ್ರ ಒಣದಾಗಿಯೇ ಉಜ್ಜಬೇಕು: ಮೊದಲು 120, ಆಮೇಲೆ 220. ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡಿ. ಕಣ್ಣಿಗೆ ಕಾಣದ ಉಬ್ಬು ಅಕ್ಕಿ ಆರಿಸಿದ ಕೈಗೆ ಸಿಕ್ಕೇ ಸಿಗುತ್ತದೆ.

ಮೇಲೆ ಎರಡು ಕೈ ಪ್ರೈಮರ್, ಒಣಗಿದ ಮೇಲೆ 400ರ ವಾಟರ್ ಪೇಪರು. ಗಾಜು, ರಬ್ಬರು, ದೀಪಗಳಿಗೆ ಟೇಪಿನಲ್ಲಿ ಹಳೇ ಪತ್ರಿಕೆ ಅಂಟಿಸಿ. ಈ ಕೆಲಸವನ್ನು ಅತ್ತೆ ಜಗಲಿಯಲ್ಲಿ ಕೂತು ಹಾಳೆ ಕತ್ತರಿಸಿ ಕೊಟ್ಟು ಸುಲಭ ಮಾಡಿದರು. ವ್ಹೀಲ್ ಕಪ್ಪುಗಳನ್ನೂ ಮಡಿಲಲ್ಲಿಟ್ಟುಕೊಂಡು, ಚಾಕೊಲೇಟಿನ ಬೆಳ್ಳಿಹಾಳೆಯನ್ನು ನೀರಲ್ಲಿ ಅದ್ದಿ ಉಜ್ಜಿದರು. ಕ್ರೋಮಿನ ಮೇಲಿನ ತುಕ್ಕಿಗೆ ಇದು ಒಳ್ಳೆಯ ಉಪಾಯ. ಎಷ್ಟೋ ತಿಂಗಳ ಮೇಲೆ ಅವರು ಅಂದು "ಹೊಟ್ಟೆ ಹಸೀತಿದೆ ಕಣೇ" ಅಂದರು.

ಬಣ್ಣಕ್ಕೆ ನಾನು ಆರಿಸಿದ್ದು ಸಾಮಾನ್ಯ ಸಿಂಥೆಟಿಕ್ ಎನಾಮೆಲ್. ಗ್ಯಾರೇಜಿನವರು ಹೊಡೆಯುವ ಪಿ.ಯು. ಬಣ್ಣ ಹೆಚ್ಚು ಬಾಳುತ್ತದೆ, ಆದರೆ ಅದರ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು; ಮನೆಯಂಗಳದ ಕೆಲಸವಲ್ಲ. ಎನಾಮೆಲ್‌ಗೆ ಟರ್ಪೆಂಟೈನ್ ಬೆರೆಸಿ ತೆಳು ಮಾಡಿ, ಸಣ್ಣ ಸ್ಪಂಜಿನ ರೋಲರಿನಿಂದ ತೆಳ್ಳಗೆ ಬಳಿಯಿರಿ. ಮೊದಲ ಕೈಯಲ್ಲಿ ಕೆಳಗಿನದೆಲ್ಲ ಕಾಣುತ್ತದೆ, ಹೆದರಬೇಡಿ. ಒಂದು ರಾತ್ರಿ ಪೂರ್ತಿ ಒಣಗಿದ ಮೇಲೆ ಮುಂದಿನ ಕೈ. ಪ್ರತಿ ಎರಡು ಕೈಗೊಮ್ಮೆ 600ರ ವಾಟರ್ ಪೇಪರು. ನಮಗೆ ಆರು ಕೈ ಹಿಡಿಯಿತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಡಿಕ್ಕಿಯ ಬಾಗಿಲಿಗೆ ಬರುವ ಹೊತ್ತಿಗೆ ಟರ್ಪೆಂಟೈನ್ ಮುಗಿಯಿತು. ಶೆಡ್ಡಿನಲ್ಲಿ ಉಳಿದಿದ್ದ ಎನ್.ಸಿ. ಥಿನ್ನರ್ ಸುರಿದುಬಿಟ್ಟೆ. ನೋಡನೋಡುತ್ತಿದ್ದಂತೆ ಕೆಳಗಿನ ಬಣ್ಣವೆಲ್ಲ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಎರಡು ದಿನದ ಕೆಲಸ ಮಣ್ಣುಪಾಲು! ಮೂಲೆಯಲ್ಲಿ ಕೂತು ಅತ್ತೂಬಿಟ್ಟೆ. ನಮ್ಮ ಯಜಮಾನರು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಅವರೇ ಕೂತು ಕೆರೆಯುತ್ತಿದ್ದರು.

ಮಳೆಗಾಲದಲ್ಲಿ ಈ ಕೆಲಸ ಬೇಡ. ನಾವು ಫೆಬ್ರವರಿಯಲ್ಲಿ, ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ ಮಾಡಿದೆವು. ಧೂಳು ಏಳದಂತೆ ಅಂಗಳಕ್ಕೆ ನೀರು ಚಿಮುಕಿಸಿ. ಬಣ್ಣ, ಟರ್ಪೆಂಟೈನ್ ಒಲೆಯಿಂದ ದೂರವಿರಲಿ. ಕೊನೆಯ ಕೈ ಆಗಿ ಮೂರು ವಾರ ಕಳೆದ ಮೇಲೆ 1500, 2000ರ ಪೇಪರಿನಿಂದ ಮೆಲ್ಲಗೆ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಾಕಿ, ನಂತರ ಮೇಣ.

ಲೆಕ್ಕ ಕೊಡುತ್ತೇನೆ: ನಾಲ್ಕು ಲೀಟರ್ ಬಣ್ಣ 1,400, ಪ್ರೈಮರ್ 600, ಪುಟ್ಟಿ 800, ಪೇಪರುಗಳು 450, ಟರ್ಪೆಂಟೈನ್ 600, ಟೇಪು-ರೋಲರು 450, ಕಾಂಪೌಂಡು-ಮೇಣ 500. ಒಟ್ಟು 4,800 ರೂಪಾಯಿ. ನಮ್ಮ ಮೈಕೈ ನೋವಿಗೆ ಲೆಕ್ಕವಿಲ್ಲ!

ಇನ್ನೆರಡು ಮಾತು. ಆರ್.ಸಿ.ಯಲ್ಲಿ ಬರೆದಿರುವ ಬಣ್ಣವನ್ನೇ ಹಚ್ಚಿ. ಬೇರೆ ಬಣ್ಣ ಬೇಕೆಂದರೆ ಆರ್.ಟಿ.ಒ. ಕಚೇರಿಗೆ ತಿಳಿಸಿ ನಮೂದು ಮಾಡಿಸಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಮೆ ಮರೆಯಬೇಡಿ. ತಳ, ಬ್ರೇಕು ಕೆಟ್ಟಿದ್ದರೆ ಮೊದಲ ಖರ್ಚು ಅವಕ್ಕೇ ಆಗಲಿ. ಬಣ್ಣದಿಂದ ಜೀವ ಉಳಿಯದು.

ಹತ್ತಿರದಿಂದ ನೋಡಿದರೆ ನಮ್ಮ ಕಾರಿನಲ್ಲಿ ರೋಲರಿನ ಗುರುತು ಕಾಣುತ್ತದೆ, ಸುಳ್ಳೇಕೆ? ಅಂಗಡಿಯ ಹೊಳಪಲ್ಲ. ಆದರೆ ಕಾಗದಪತ್ರವೆಲ್ಲ ಸರಿಯಾಗಿ ಮೊದಲ ಸಲ ಶಿವಮೊಗ್ಗೆಗೆ ಹೊರಟ ದಿನ, ಅತ್ತೆ ಯಾರ ಕೈಯನ್ನೂ ಹಿಡಿಯದೆ ಬಾಗಿಲು ತೆಗೆದು, ಮೆಲ್ಲಗೆ ಕೂತು, ಸೀರೆಯ ಅಂಚು ಒಳಗೆಳೆದುಕೊಂಡರು. "ನಿಮ್ಮ ಮಾವ ಇದ್ದಿದ್ರೆ ಇನ್ನೊಂದು ಕೈ ಹಚ್ಚು ಅಂತಿದ್ರು" ಎಂದು ನಕ್ಕರು.

ಹಚ್ಚುತ್ತೇನೆ, ಬರುವ ಫೆಬ್ರವರಿಯಲ್ಲಿ.