ತಂತ್ರಾಂಶಗಳ ವಿವರಣೆ: ಸ್ಪಷ್ಟತೆ ಮತ್ತು ಏಕರೂಪತೆ

ವಿಜಯಪುರ ಜಿಲ್ಲೆಯ ಎರೆಭೂಮಿಯಲ್ಲಿ ಹಿಂಗಾರಿ ಜೋಳವನ್ನು ಬಿತ್ತುವ ರೈತನು ಬೀಜದ ಚೀಲವನ್ನು ಕೊಳ್ಳುವಾಗ ಮೊದಲು ನೋಡುವುದು ಅದಕ್ಕೆ ಹೊಲಿದಿರುವ ಚೀಟಿಯನ್ನು. ತಳಿ ಯಾವುದು, ನೂರಕ್ಕೆ ಎಷ್ಟು ಕಾಳು ಮೊಳೆಯುವುದು, ಶುದ್ಧತೆ ಎಷ್ಟು ಎಂಬ ಸಂಗತಿಗಳನ್ನು ಆ ಚೀಟಿ ತಿಳಿಸಬೇಕೆಂಬುದು 1966ರ ಬೀಜ ಕಾಯಿದೆಯ ಆಶಯ. ಅಲ್ಲಿ ಹೊಗಳಿಕೆಯ ಮಾತಿಗೆ ಎಡೆಯಿಲ್ಲ. ಎಂ. 35-1 ಎಂದು ಬರೆದಿದ್ದರೆ ತಾಂಬಾದ ರೈತನಿಗೂ ಸಿಂದಗಿಯ ವ್ಯಾಪಾರಿಗೂ ಅದು ಒಂದೇ ತಳಿ. ಚೀಲವನ್ನು ಬಿಚ್ಚದೆಯೇ ಒಳಗಿನದನ್ನು ನಂಬಲು ಸಾಧ್ಯವಾಗುವುದು ಚೀಟಿಯ ಈ ಎರಡು ಗುಣಗಳಿಂದ: ಒಂದು ಸ್ಪಷ್ಟತೆ, ಇನ್ನೊಂದು ಏಕರೂಪತೆ.

ಗಣಕಯಂತ್ರದ ತಂತ್ರಾಂಶಗಳಿಗೂ ಇಂಥ ಚೀಟಿಗಳುಂಟು. ಅವುಗಳನ್ನು ಬರೆಯುವುದೂ ತಿದ್ದುವುದೂ ಹೊರಗಣ್ಣಿಗೆ ಕಾಣದ, ಆದರೆ ಬಹುಜನರಿಗೆ ಉಪಕಾರಿಯಾದ ಒಂದು ವಿದ್ಯೆಯಾಗಿ ಬೆಳೆದಿದೆ. ಭಾಷೆಯನ್ನು ಕಲಿಸುವವರಿಗೂ ಕಲಿತವರಿಗೂ ಈ ವಿದ್ಯೆಯಲ್ಲಿ ಪಾಲಿರುವುದರಿಂದ ಅದರ ಸ್ವರೂಪವನ್ನು ತಿಳಿಯುವುದು ಯುಕ್ತವಾಗಿದೆ.

ತಂತ್ರಾಂಶಗಳ ಕಣಜ

ಯಾರು ಬೇಕಾದರೂ ಬಳಸಬಹುದಾದ, ಪರಿಶೀಲಿಸಬಹುದಾದ, ತಿದ್ದಬಹುದಾದ ಹಾಗೂ ಹಂಚಬಹುದಾದ ತಂತ್ರಾಂಶಗಳಿಗೆ ಮುಕ್ತ ತಂತ್ರಾಂಶಗಳೆಂದು ಹೆಸರು. ಇವುಗಳನ್ನು ಒಂದೆಡೆ ಕೂಡಿಸಿ ಒಪ್ಪವಾಗಿ ಒದಗಿಸುವ ಸಂಸ್ಥೆಗಳಲ್ಲಿ ಡೆಬಿಯನ್ ಪ್ರಮುಖವಾದುದು. 1993ರ ಆಗಸ್ಟ್ ತಿಂಗಳಿನಲ್ಲಿ ಇಯಾನ್ ಮರ್ಡಾಕ್ ಎಂಬ ತರುಣನು ಇದನ್ನು ಆರಂಭಿಸಿದನು. ಅಲ್ಲಿ ಪ್ರತಿಯೊಂದು ತಂತ್ರಾಂಶವನ್ನೂ ಗಣಕದಲ್ಲಿ ಅಳವಡಿಸಲು ಅನುಕೂಲವಾಗುವಂತೆ ಕಟ್ಟಿ ಇಡುತ್ತಾರೆ. ಹೀಗೆ ಕಟ್ಟಿದ ಪೊಟ್ಟಣಕ್ಕೆ ಪ್ಯಾಕೇಜು ಎನ್ನುವುದು ವಾಡಿಕೆ. 2023ರ ಜೂನ್ ತಿಂಗಳಿನಲ್ಲಿ ಹೊರಬಂದ ಡೆಬಿಯನ್‌ನ 12ನೆಯ ಆವೃತ್ತಿಯಲ್ಲಿ 64,000ಕ್ಕೂ ಮಿಕ್ಕಿ ಪ್ಯಾಕೇಜುಗಳಿದ್ದವು. 2004ರಲ್ಲಿ ಮೊದಲು ಹೊರಬಂದ ಉಬುಂಟು ಎಂಬ ವ್ಯವಸ್ಥೆಯೂ ಡೆಬಿಯನ್‌ನ ತಳಹದಿಯ ಮೇಲೆಯೇ ನಿಂತಿದೆ.

ಈ ಸಂಗತಿಗೂ ಶಾಲೆಗಳಿಗೂ ಹತ್ತಿರದ ಸಂಬಂಧವಿದೆ. ಕರ್ನಾಟಕದಲ್ಲಿ 2011ರಿಂದ ನಡೆದ ವಿಷಯ ಶಿಕ್ಷಕರ ವೇದಿಕೆಯ ಕಾರ್ಯಕ್ರಮದಲ್ಲಿ ಸರಕಾರಿ ಪ್ರೌಢಶಾಲೆಗಳ ಶಿಕ್ಷಕರಿಗೆ ಉಬುಂಟುವಿನ ಮೇಲೆಯೇ ತರಬೇತಿ ದೊರೆಯಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಇದರಲ್ಲಿ ಶಿಕ್ಷಣ ಇಲಾಖೆಯೊಡನೆ ಕೈಜೋಡಿಸಿತ್ತು. ಕೇರಳ ರಾಜ್ಯವು 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿ ಮುಂದೆ ಶಾಲೆಗಳಲ್ಲಿ ಮುಕ್ತ ತಂತ್ರಾಂಶವನ್ನೇ ನೆಲೆಗೊಳಿಸಿತು. ಆ ರಾಜ್ಯಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹೀಗೆ ಮುಕ್ತ ತಂತ್ರಾಂಶದ ಮೇಲೆಯೇ ಗಣಕವನ್ನು ಕಲಿತರು.

ದಾನಿಗಳ ನೆರವಿನಿಂದ ಹಳ್ಳಿಯ ಶಾಲೆಯೊಂದಕ್ಕೆ ನಾಲ್ಕು ಗಣಕಗಳು ಬಂದವೆಂದು ಭಾವಿಸೋಣ. ಗಣಿತದ ಶಿಕ್ಷಕರಿಗೆ ರೇಖಾಗಣಿತದ ಸಾಧನ ಬೇಕು, ವಿಜ್ಞಾನದ ಶಿಕ್ಷಕರಿಗೆ ಆಕಾಶವನ್ನು ತೋರಿಸುವ ಸಾಧನ ಬೇಕು. ಅರವತ್ತು ಸಾವಿರ ಪ್ಯಾಕೇಜುಗಳ ಕಣಜದ ಮುಂದೆ ಕುಳಿತ ಆ ಶಿಕ್ಷಕರಿಗೆ ಅಳವಡಿಸುವ ಮುನ್ನ ಕಾಣುವುದು ಹೆಸರು ಮತ್ತು ವಿವರಣೆ, ಇವೆರಡೇ. ಹೆಸರಾದರೋ ಬಹುಪಾಲು ಅಂಕಿತನಾಮ. ಅದರಿಂದ ಉಪಯೋಗ ತಿಳಿಯದು. ವಿವರಣೆ ಮಸುಕಾಗಿದ್ದರೆ ಒಳ್ಳೆಯ ಸಾಧನವು ಕಣಜದಲ್ಲಿಯೇ ಉಳಿಯುತ್ತದೆ. ತಪ್ಪಾಗಿದ್ದರೆ ಬೇಡವಾದುದನ್ನು ಇಳಿಸಿಕೊಂಡು ಶಾಲೆಯ ಒಂದು ದಿನ ವ್ಯರ್ಥವಾಗುತ್ತದೆ. ಎರಡು ಸಲ ಹೀಗಾದರೆ ಮೂರನೆಯ ಸಲ ಗಣಕದ ಕೋಣೆಯ ಬೀಗವೇ ತೆರೆಯದು. ಒಂದು ಸಾಲಿನ ಬರವಣಿಗೆಯ ಮೇಲೆ ನಿಂತಿರುವ ಹೊಣೆ ಇಷ್ಟು ದೊಡ್ಡದು.

ವಿವರಣೆಯ ಎರಡು ಅಂಗಗಳು

ಡೆಬಿಯನ್‌ನ ಪದ್ಧತಿಯಂತೆ ವಿವರಣೆಗೆ ಎರಡು ಅಂಗಗಳು. ಮೊದಲನೆಯದು ಒಂದೇ ಸಾಲಿನ ಸಾರಾಂಶ. ಅದು 80 ಅಕ್ಷರಗಳಿಗಿಂತ ಕಡಿಮೆಯಿರಬೇಕು. ಪ್ಯಾಕೇಜಿನ ಹೆಸರು ಪಕ್ಕದಲ್ಲಿಯೇ ಇರುವುದರಿಂದ ಅದನ್ನು ಸಾರಾಂಶದಲ್ಲಿ ಮತ್ತೆ ಹೇಳಬಾರದು. ಸಾರಾಂಶವು ಪೂರ್ಣ ವಾಕ್ಯವಾಗಿರಬೇಕಾಗಿಲ್ಲ, ವಸ್ತುವನ್ನು ಗುರುತಿಸುವ ಪದಸಮೂಹವಾದರೆ ಸಾಕು. ಇದಕ್ಕೊಂದು ಸರಳವಾದ ಪರೀಕ್ಷೆಯಿದೆ: "ಇಂಥ ಹೆಸರಿನ ಪ್ಯಾಕೇಜು ಎಂದರೆ..." ಎಂದು ಆರಂಭಿಸಿ ಮುಂದೆ ಸಾರಾಂಶವನ್ನು ಓದಿದಾಗ ಮಾತು ಕೂಡಿಬಂದರೆ ಸಾರಾಂಶ ಸರಿಯಾಗಿದೆ.

ಎರಡನೆಯ ಅಂಗ ವಿಸ್ತೃತ ವಿವರಣೆ. ಇದು ಉತ್ತರಿಸಬೇಕಾದ ಪ್ರಶ್ನೆಗಳು ಕೆಲವೇ. ಈ ತಂತ್ರಾಂಶವು ಮಾಡುವ ಕೆಲಸವೇನು? ಇದು ಯಾರಿಗೆ, ಏತಕ್ಕೆ ಬೇಕು? ಇದೇ ಕೆಲಸವನ್ನು ಮಾಡುವ ಇತರ ತಂತ್ರಾಂಶಗಳಿಗಿಂತ ಇದು ಯಾವ ಬಗೆಯಲ್ಲಿ ಭಿನ್ನ? ಇದು ಮತ್ತೊಂದು ತಂತ್ರಾಂಶಕ್ಕೆ ಪೂರಕವಾಗಿದ್ದರೆ ಆ ಮೂಲ ತಂತ್ರಾಂಶ ಎಂಥದು? ಹೆಚ್ಚಿನ ದೋಷಗಳು ಈ ಪ್ರಶ್ನೆಗಳನ್ನು ಮರೆತಾಗಲೇ ಉಂಟಾಗುತ್ತವೆ. ತಂತ್ರಾಂಶವನ್ನು ಬರೆದವನಿಗೆ ಅದರ ಉಪಯೋಗ ಸ್ವಯಂವೇದ್ಯ. ಆದುದರಿಂದ ಅವನು ಉಪಯೋಗವನ್ನು ಬಿಟ್ಟು, ಯಾವ ಗಣಕಭಾಷೆಯಲ್ಲಿ ಬರೆದೆನು, ಹಿಂದಿನ ಆವೃತ್ತಿಗಿಂತ ಎಷ್ಟು ವೇಗವಾಯಿತು ಎಂಬುದನ್ನೇ ಹೇಳತೊಡಗುತ್ತಾನೆ. ಇಲ್ಲವೇ "ಅತ್ಯುತ್ತಮ", "ಅತಿ ಸುಲಭ", "ಅತ್ಯಾಧುನಿಕ" ಎಂಬ ವಿಶೇಷಣಗಳನ್ನು ಸುರಿಯುತ್ತಾನೆ. ಹೊಸ ಓದುಗನಿಗೆ ಇವೆರಡರಿಂದಲೂ ಪ್ರಯೋಜನವಿಲ್ಲ. ಇನ್ನು "ಅತ್ಯಾಧುನಿಕ" ಎಂಬ ಮಾತಾದರೋ ಹತ್ತು ವರ್ಷ ಕಳೆದ ಮೇಲೆಯೂ ಚೀಟಿಯಲ್ಲಿ ಹಾಗೆಯೇ ಉಳಿದು ನಗೆಗೀಡಾಗುತ್ತದೆ.

ಪರಿಷ್ಕಾರಕನ ಕೆಲಸ ಇಲ್ಲಿ ಮೊದಲಾಗುತ್ತದೆ. ಡೆಬಿಯನ್‌ನಲ್ಲಿ ಇಂಗ್ಲಿಷ್ ವಿವರಣೆಗಳನ್ನು ಓದಿ ತಿದ್ದುಪಡಿ ಸೂಚಿಸುವ ಸ್ವಯಂಸೇವಕರ ತಂಡವೇ ಇದೆ. ಒಬ್ಬರು ಸೂಚಿಸಿದ ಪಾಠವನ್ನು ಇತರರು ಓದಿ ಆಕ್ಷೇಪವೆತ್ತುತ್ತಾರೆ. ಕೊನೆಯ ತೀರ್ಮಾನ ಆ ಪ್ಯಾಕೇಜಿನ ಹೊಣೆ ಹೊತ್ತವನದು. ಪರಿಷ್ಕಾರಕನು ತನ್ನ ಶೈಲಿಯನ್ನು ಮೆರೆಸುವ ಹಾಗಿಲ್ಲ. ಎಂದೂ ಆ ವಸ್ತುವನ್ನು ಕಾಣದವನ ಪರವಾಗಿ ಪ್ರಶ್ನೆ ಕೇಳುವುದಷ್ಟೇ ಅವನ ಅಧಿಕಾರ.

ಗುಬ್ಬಿ ಮತ್ತು ನವಿಲು

ಕನ್ನಡಕ್ಕೆ ಸಂಬಂಧಿಸಿದ ಪ್ಯಾಕೇಜುಗಳಲ್ಲಿಯೇ ಇದಕ್ಕೆ ಉತ್ತಮ ನಿದರ್ಶನಗಳು ದೊರೆಯುತ್ತವೆ. ಡೆಬಿಯನ್‌ನಲ್ಲಿರುವ ಕನ್ನಡ ಫಾಂಟುಗಳ ಪೈಕಿ ಒಂದರ ಹೆಸರು ಗುಬ್ಬಿ, ಇನ್ನೊಂದರ ಹೆಸರು ನವಿಲು, ಮತ್ತೊಂದರ ಹೆಸರು ಲೋಹಿತ್. ಹೆಸರುಗಳು ಸೊಗಸಾಗಿವೆ. ಆದರೆ ವಿವರಣೆಯಿಲ್ಲದೆ ಗುಬ್ಬಿ ಎಂದರೆ ಹಕ್ಕಿಯೋ, ತುಮಕೂರು ಜಿಲ್ಲೆಯ ಊರೋ, ಮಕ್ಕಳ ಆಟವೋ ಎಂಬುದು ತಿಳಿಯುವಂತಿಲ್ಲ.

ಈ ಮೂರರ ಇಂಗ್ಲಿಷ್ ಸಾರಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಭೇದ ಕಣ್ಣಿಗೆ ಬೀಳುತ್ತದೆ. ಗುಬ್ಬಿಯನ್ನು "ಕನ್ನಡ ಲಿಪಿಯ" ಫಾಂಟೆಂದೂ, ಲೋಹಿತ್‌ಅನ್ನು "ಕನ್ನಡ ಭಾಷೆಯ" ಫಾಂಟೆಂದೂ, ನವಿಲನ್ನು ಬರಿದೆ "ಕನ್ನಡದ" ಕೈಬರಹದ ಫಾಂಟೆಂದೂ ಕರೆಯಲಾಗಿದೆ. ಮೂರೂ ಒಂದೇ ಎಂದು ತೋರಬಹುದು, ಆದರೆ ಒಂದಲ್ಲ. ಫಾಂಟು ಸೇರಿದ್ದು ಲಿಪಿಗೆ. ತುಳು, ಕೊಡವ, ಬ್ಯಾರಿ ಭಾಷೆಗಳನ್ನೂ ಕರ್ನಾಟಕದ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವ ರೂಢಿಯಿದೆ. "ಕನ್ನಡ ಭಾಷೆಯ ಫಾಂಟು" ಎಂಬುದನ್ನು ಓದಿದ ತುಳು ಬರಹಗಾರನು ಇದು ತನಗಲ್ಲವೆಂದು ಮುಂದೆ ಸಾಗಿದರೆ ಆ ನಷ್ಟಕ್ಕೆ ಒಂದು ಪದವೇ ಕಾರಣ. ಮೂರರಲ್ಲಿಯೂ "ಕನ್ನಡ ಲಿಪಿ" ಎಂಬ ಒಂದೇ ಮಾತನ್ನು ಬಳಸಿದರೆ ಅರ್ಥವೂ ನಿಖರವಾಗುತ್ತದೆ, ಹುಡುಕುವವನಿಗೆ ಮೂರೂ ಒಟ್ಟಿಗೆ ದೊರೆಯುತ್ತವೆ. ಸ್ಪಷ್ಟತೆ ಮತ್ತು ಏಕರೂಪತೆ ಒಂದನ್ನೊಂದು ಪೋಷಿಸುವ ಬಗೆ ಇದು. ಏಕರೂಪತೆಗಾಗಿ ಮೂರರಲ್ಲಿಯೂ "ಭಾಷೆ" ಎಂದೇ ಬರೆದಿದ್ದರೆ ತಪ್ಪು ಏಕರೂಪವಾಗುತ್ತಿತ್ತು, ಅಷ್ಟೆ. ಆದಕಾರಣ ಮೊದಲು ಸರಿಯಾದ ಪದದ ಆಯ್ಕೆ, ಅನಂತರ ಅದರ ಸ್ಥಿರವಾದ ಬಳಕೆ ಎಂಬ ಕ್ರಮವನ್ನು ಮೀರಬಾರದು.

ಅನುವಾದಕನ ಕಷ್ಟ

ಪ್ಯಾಕೇಜಿನ ಹೆಸರು ಲ್ಯಾಟಿನ್ ಸಣ್ಣಕ್ಷರ, ಅಂಕೆ ಹಾಗೂ ಕೆಲವು ಚಿಹ್ನೆಗಳಿಂದಲೇ ಕೂಡಿರಬೇಕೆಂಬುದು ನಿಯಮ. ಆದುದರಿಂದ ಕನ್ನಡದಲ್ಲಿ ಹೇಳಬೇಕಾದುದೆಲ್ಲ ವಿವರಣೆಯ ಅನುವಾದದಲ್ಲಿಯೇ ಬರಬೇಕು. ವಿವರಣೆಗಳನ್ನು ಹಲವು ಭಾಷೆಗಳಿಗೆ ತರುವ ಯೋಜನೆಯೊಂದು ಡೆಬಿಯನ್‌ನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಮೂಲದ ಮಸುಕು ಅನುವಾದದಲ್ಲಿ ಇಮ್ಮಡಿಯಾಗುವುದು ಇಲ್ಲಿ ಕಾಣಬರುತ್ತದೆ. ಸ್ಟೆಲೇರಿಯಂ ಎಂಬ ಖಗೋಳದರ್ಶಕ ತಂತ್ರಾಂಶದ ಇಂಗ್ಲಿಷ್ ಸಾರಾಂಶವನ್ನು ಪದಕ್ಕೆ ಪದವಿಟ್ಟು ಕನ್ನಡಿಸಿದರೆ "ನೈಜಕಾಲದ ಛಾಯಾಚಿತ್ರಸದೃಶ ಆಕಾಶೋತ್ಪಾದಕ" ಎಂಬ ವಿಚಿತ್ರ ಸಮಾಸ ಹುಟ್ಟುತ್ತದೆ. ಆಕಾಶವನ್ನು ಉತ್ಪಾದಿಸುವ ಕಾರ್ಖಾನೆ ಎಲ್ಲಿದೆಯೆಂದು ಹುಡುಗರು ಕೇಳಿಯಾರು! "ಯಾವ ಊರಿನಿಂದ, ಯಾವ ಹೊತ್ತಿನಲ್ಲಿ ಆಕಾಶ ಹೇಗೆ ಕಾಣುವುದೆಂದು ತೋರಿಸುವ ತಂತ್ರಾಂಶ" ಎಂದರೆ ವಿಜ್ಞಾನದ ಶಿಕ್ಷಕರಿಗೆ ಒಡನೆಯೇ ತಿಳಿಯುತ್ತದೆ.

ಮೂಲವನ್ನು ತಿದ್ದುವವನು ಅರಿತಿರಬೇಕಾದ ಮತ್ತೊಂದು ಸಂಗತಿಯುಂಟು. ಪ್ರತಿಯೊಂದು ಇಂಗ್ಲಿಷ್ ವಿವರಣೆಗೂ ಅದರ ಪಾಠದಿಂದಲೇ ಲೆಕ್ಕ ಹಾಕಿದ 32 ಅಂಕೆ-ಅಕ್ಷರಗಳ ಒಂದು ಗುರುತಿರುತ್ತದೆ. ಅನುವಾದವು ಆ ಗುರುತಿಗೆ ತಳುಕು ಹಾಕಿಕೊಂಡಿರುತ್ತದೆ. ಮೂಲದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಗುರುತು ಬದಲಾಗಿ ಎಲ್ಲ ಭಾಷೆಗಳ ಅನುವಾದಗಳೂ ಮರುಪರಿಶೀಲನೆಗೆ ಬರುತ್ತವೆ. ಅಲ್ಲಿಯವರೆಗೆ ಓದುಗನಿಗೆ ಮತ್ತೆ ಇಂಗ್ಲಿಷೇ ಗತಿ. ಹೀಗಾಗಿ ಚಪಲದಿಂದ ಮಾಡಿದ ತಿದ್ದುಪಡಿ ಪರಿಷ್ಕರಣವೆನಿಸದು. ಕೂಡಿದಷ್ಟನ್ನೂ ಒಮ್ಮೆಗೇ ವಿಚಾರಮಾಡಿ ತಿದ್ದುವುದು ಲೇಸು.

ಏಕರೂಪತೆಯಿಂದ ಶ್ರಮ ಉಳಿಯುವುದೂ ಇಲ್ಲಿಯೇ. ದೊಡ್ಡ ತಂತ್ರಾಂಶವೊಂದನ್ನು ಮುಖ್ಯಭಾಗ, ಕೈಪಿಡಿ, ಪೂರಕಭಾಗ ಎಂದು ಹಲವು ಪ್ಯಾಕೇಜುಗಳಾಗಿ ಒಡೆದಿರುತ್ತಾರೆ. ಎಲ್ಲಕ್ಕೂ ಸಾಮಾನ್ಯವಾದ ಪರಿಚಯದ ಕಂಡಿಕೆ ಅಕ್ಷರಶಃ ಒಂದೇ ಆಗಿದ್ದರೆ ಒಮ್ಮೆ ಮಾಡಿದ ಅನುವಾದ ಎಲ್ಲೆಡೆಗೂ ಒದಗುತ್ತದೆ. ಅದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿದ್ದರೆ ಅನುವಾದಕನು ಅಷ್ಟು ಸಲ ದುಡಿಯಬೇಕು. ಕಾವ್ಯದಲ್ಲಿ ಪುನರುಕ್ತಿ ದೋಷವೆನಿಸಬಹುದು, ಇಲ್ಲಿ ಅದು ಗುಣ.

ಕನ್ನಡದ ಮುಂದಿರುವ ಕಾರ್ಯ

2011ರ ಫೆಬ್ರವರಿಯಲ್ಲಿ ಹೊರಬಂದ ಡೆಬಿಯನ್‌ನ 6ನೆಯ ಆವೃತ್ತಿಯಲ್ಲಿ, ವ್ಯವಸ್ಥೆಯನ್ನು ಗಣಕದಲ್ಲಿ ಅಳವಡಿಸುವ ಚಿತ್ರರೂಪದ ಸಾಧನಕ್ಕೆ ಕನ್ನಡ ಸೇರಿತು. ತೆಲುಗು, ಸಿಂಹಳ ಮತ್ತು ಲಾವೋ ಭಾಷೆಗಳೂ ಅದರ ಜೊತೆಯಲ್ಲಿಯೇ ಬಂದವು. ಬಾಗಿಲು ಕನ್ನಡದಲ್ಲಿ ತೆರೆದಂತಾಯಿತು. ಆದರೆ ಒಳಗಿನ ಕಣಜದ ಚೀಟಿಗಳು ಕನ್ನಡವಾಗುವುದು ಬಹುದೀರ್ಘವಾದ ಕಾರ್ಯ.

ಅದಕ್ಕೆ ಮೊದಲ ತೊಡಕು ಪದಗಳದು. ಒಂದೇ ಕ್ರಿಯೆಗೆ ಒಬ್ಬರು "ಅನುಸ್ಥಾಪಿಸು" ಎನ್ನುತ್ತಾರೆ, ಇನ್ನೊಬ್ಬರು "ಸ್ಥಾಪಿಸು" ಎನ್ನುತ್ತಾರೆ, ಮತ್ತೊಬ್ಬರು "ಅಳವಡಿಸು" ಎನ್ನುತ್ತಾರೆ. ಕಡತ ಮತ್ತು ಫೈಲು, ಅಕ್ಷರಶೈಲಿ ಮತ್ತು ಫಾಂಟು ಇವುಗಳದೂ ಇದೇ ಕಥೆ. ಯಾವುದೂ ತಪ್ಪಲ್ಲ. ಆದರೆ ಒಂದೇ ಪುಟದಲ್ಲಿ ಮೂರೂ ಬಂದರೆ ವಿದ್ಯಾರ್ಥಿಯು ಅವು ಮೂರು ಬೇರೆ ಬೇರೆ ಕ್ರಿಯೆಗಳೆಂದು ತಿಳಿಯುವುದು ಸಹಜ. ಇದನ್ನು ಮನಗಂಡು 2008ರಲ್ಲಿ ಆರಂಭವಾದ ಫ್ಯುಯೆಲ್ ಎಂಬ ಯೋಜನೆ, ಗಣಕದ ಪರದೆಯಲ್ಲಿ ಮೇಲಿಂದ ಮೇಲೆ ಬರುವ ಪದಗಳ ಪಟ್ಟಿಯನ್ನು ಭಾಷೆ ಭಾಷೆಗೂ ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿತು. ಇಂಥ ಪಟ್ಟಿ ಎದುರಿಗಿದ್ದರೆ ಹತ್ತು ಜನ ಬೇರೆ ಬೇರೆ ಊರುಗಳಲ್ಲಿ ಕುಳಿತು ಬರೆದರೂ ಓದುಗನಿಗೆ ಒಂದೇ ಕೈಯ ಬರಹವಾಗಿ ತೋರುತ್ತದೆ.

ಎರಡನೆಯ ತೊಡಕು ಅಳತೆಯದು. 80 ಅಕ್ಷರಗಳ ಮಿತಿ ಇಂಗ್ಲಿಷನ್ನು ಕಣ್ಣಮುಂದಿಟ್ಟುಕೊಂಡು ಮಾಡಿದುದು. "ಸ್ತ್ರೀ" ಎಂಬುದು ಕಣ್ಣಿಗೂ ಕಿವಿಗೂ ಒಂದೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿಯಾದರೋ ಅದು ಆರು ಸಂಕೇತಗಳ ಕೂಡಿಕೆ, ಗಣಕದ ಸ್ಮರಣೆಯಲ್ಲಿ 18 ಬೈಟುಗಳ ಜಾಗ. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು ಸಾಕು. ಹೀಗಿರುವಲ್ಲಿ ದೀರ್ಘ ಸಂಸ್ಕೃತ ಸಮಾಸಗಳನ್ನು ಬಿಟ್ಟು ಚಿಕ್ಕ ಮಾತುಗಳನ್ನು ಆಯುವುದು ಕನ್ನಡದಲ್ಲಿ ಅನಿವಾರ್ಯವೂ ಹೌದು, ಹಿತವೂ ಹೌದು.

ಈ ಕೆಲಸಕ್ಕೆ ಗಣಕಶಾಸ್ತ್ರದ ಪಾಂಡಿತ್ಯವೇ ಬೇಕೆಂಬುದು ತಪ್ಪು ಕಲ್ಪನೆ. ತಂತ್ರಾಂಶವನ್ನು ಕಟ್ಟುವವನಿಗೆ ವಸ್ತು ತಿಳಿದಿರುತ್ತದೆ, ಓದುಗನ ಅಜ್ಞಾನ ತಿಳಿದಿರುವುದಿಲ್ಲ. ಮೂವತ್ತು ವರ್ಷ ಒಂದೇ ಪಾಠವನ್ನು ಹೊಸ ಹೊಸ ಮಕ್ಕಳಿಗೆ ಹೇಳಿದ ಶಿಕ್ಷಕರಿಗಾದರೋ ಎಲ್ಲಿ ಮಗು ಎಡವುತ್ತದೆಂಬುದು ಚೆನ್ನಾಗಿ ಗೊತ್ತು. ಬೆಂಗಳೂರು, ಪುಣೆಗಳಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ವಸ್ತುಜ್ಞಾನವಿದೆ, ಊರಿನ ಶಾಲೆಯ ಭಾಷಾಶಿಕ್ಷಕರಿಗೆ ಮಾತಿನ ಹದ ಗೊತ್ತಿದೆ. ಇವರಿಬ್ಬರೂ ಕೂಡಿ, ಶಾಲೆಗೆ ಬೇಕಾದ ಇಪ್ಪತ್ತು ಪ್ಯಾಕೇಜುಗಳನ್ನು ಆಯ್ದು ಅವುಗಳ ವಿವರಣೆಗಳನ್ನು ಒಂದೇ ಪದಪಟ್ಟಿಗೆ ಬದ್ಧವಾಗಿ ಕನ್ನಡಕ್ಕೆ ತಂದರೆ ಅದು ತಾಂಬಾದ ಮಕ್ಕಳಿಗೂ ಕಾಸರಗೋಡಿನ ಮಕ್ಕಳಿಗೂ ಸಮಾನವಾಗಿ ಒದಗುವ ಆಸ್ತಿಯಾಗುತ್ತದೆ. ದಾನಿಗಳು ಕೊಟ್ಟ ಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಸರಿಯಾಗಿ ಬರೆದ ಒಂದು ಸಾಲು ಅದಕ್ಕಿಂತ ಹೆಚ್ಚು ಕಾಲ ಬಾಳುವುದು.